ಇಸಿಎಮ್ ಹೋಗಿದೆ ಅಂದ ಗಾಡಿ ಒಂದು ಅರ್ಥ್ ಕೇಬಲ್ಲಿಂದ ಸರಿಯಾದದ್ದು: ನನ್ನ ಅನುಭವ

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಸರಿ ಮಾಡಿ ಕಳ್ಸಿದ ಗಾಡಿ, ಈ ವರ್ಷ ಮಳೆಗಾಲ ಪೂರ್ತಿ ಕುಮಟಾ ಶಿರಸಿ ನಡುವಿನ ದೇವಿಮನೆ ಘಟ್ಟ ಹತ್ತಿ ಇಳಿದಿದೆ, ಒಂದೇ ಒಂದ್ಸಲನೂ ನಿಂತಿಲ್ಲ. ಅಷ್ಟು ನೋಡ್ಕೊಂಡೇ ಬರೀಬೇಕು ಅಂತ ಕಾದಿದ್ದೆ. ಯಾಕಂದ್ರೆ ಈ ಗಾಡಿಗೆ ಮೂರು ಕಡೆ ಇಸಿಎಮ್, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಹೋಗಿದೆ ಅಂದಿದ್ರು, ನಾನು ಇಲ್ಲ ಅಂದಾಗ ನಮ್ಮ ಲೈನಿನವ್ರೇ "ಮೀಟರ್ ಹಿಡ್ಕೊಂಡು ಕೂತ್ರೆ ಗಾಡಿ ರಿಪೇರಿ ಆಗ್ತದಾ ಮಾರಾಯ" ಅಂತ ಕೇಳಿದ್ರು. ನನಗೆ ಕೆಲಸ ಕಲಿಸಿದ ಉಸ್ತಾದ್ ಕೂಡ ಫೋನಲ್ಲಿ "ಸುಮ್ನೆ ಟೈಮ್ ಹಾಳು ಮಾಡ್ಕೋಬೇಡ, ಇಸಿಎಮ್ ಹಾಕಿ ಕೊಡು" ಅಂದ್ರು. ಅವರ ಮೇಲೆ ನನಗೆ ಗೌರವ ಇದೆ, ಆದ್ರೆ ಈ ವಿಷಯದಲ್ಲಿ ನಾನು ಹೇಳಿದ್ದೇ ಸರಿ ಆಯ್ತು.

ನನ್ನ ಶೆಡ್ ಕಾರವಾರದಲ್ಲಿ, ಬಿಣಗಾ ಕಡೆ. ಇಲ್ಲಿ ಗಾಳಿಯಲ್ಲೇ ಉಪ್ಪು. ಪಾನಾ ಒರೆಸದೆ ಇಟ್ರೆ ಎರಡು ದಿನಕ್ಕೆ ಕೆಂಪು. ತಾಮ್ರದ ಪಾತ್ರೆಗೆ ಕಿಲುಬು ಹಿಡಿಯೋದು ಎಲ್ಲರಿಗೂ ಗೊತ್ತು, ಅದೇ ಕಿಲುಬು ವಾಯರ್ ಒಳಗೂ ಹಿಡೀತದೆ, ಹೊರಗಿಂದ ಪ್ಲಾಸ್ಟಿಕ್ ಹೊಸದರ ಹಾಗೇ ಕಾಣ್ತದೆ. ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೇನೆ, ನನ್ನ ಹತ್ರ ಬರೋ ಎಲೆಕ್ಟ್ರಿಕಲ್ ಕಂಪ್ಲೇಂಟಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆಗೆ ಕಿಲುಬಿಗೇ ಬಂದು ನಿಲ್ತದೆ.

ಗಾಡಿ 2013ರ ಡೀಸೆಲ್, ಓಡಿದ್ದು ಒಂದು ಲಕ್ಷ ನಲ್ವತ್ತು ಸಾವಿರದ ಹತ್ರ ಹತ್ರ. ಯಜಮಾನ್ರು ಶಿರಸಿ ಕಡೆಯವ್ರು, ಅಡಿಕೆ ತೋಟ, ಅಳಿಯ ಕೈಗಾದಲ್ಲಿ ಕೆಲಸಕ್ಕೆ ಇರೋದ್ರಿಂದ ತಿಂಗಳಿಗೆ ಎರಡು ಸಲ ಘಟ್ಟ ಇಳಿದು ಬರ್ತಾರೆ. ಕಂಪ್ಲೇಂಟ್ ಏನಂದ್ರೆ, ಮಳೆಯಲ್ಲಿ ಘಟ್ಟ ಹತ್ತುವಾಗ ಡ್ಯಾಶ್‌ಬೋರ್ಡಿನ ಲೈಟೆಲ್ಲ ಹತ್ತಿ ಇಂಜಿನ್ ಬಂದ್. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್. ಬಿಸಿಲಲ್ಲಿ ಹುಬ್ಬಳ್ಳಿಗೆ ಹೋಗಿ ಬಂದ್ರೂ ಏನೂ ಇಲ್ಲ. ನನ್ನ ಹತ್ರ ಬರೋ ಮೊದಲೇ ಹೊಸ ಬ್ಯಾಟರಿ ಐದೂವರೆ ಸಾವಿರ, ಕ್ರ್ಯಾಂಕ್ ಸೆನ್ಸರ್ ಸಾವಿರದ ಎಂಟುನೂರು, ಮೇನ್ ರಿಲೇ, ಡೀಸೆಲ್ ಫಿಲ್ಟರ್, ಆಲ್ಟರ್ನೇಟರ್ ಬಿಚ್ಚಿ ರೆಗ್ಯುಲೇಟರ್ ಬದಲಿ, ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ ಕೈಬಿಟ್ಟಿತ್ತು. ಕೊನೆಗೆ ಇಸಿಎಮ್‌ಗೆ ಕೋಡಿಂಗ್ ಸೇರಿ ನಲ್ವತ್ತೆಂಟು ಸಾವಿರ ಅಂತ ಎಸ್ಟಿಮೇಟ್. ಮನುಷ್ಯ ಸೋತಿದ್ರು. "ತಮ್ಮಾ, ಇದೊಂದು ನೋಡಿ ಹೇಳು, ಆಗದಿದ್ರೆ ಮಾರಿಬಿಡ್ತೆ" ಅಂದ್ರು.

ಸ್ಕ್ಯಾನರ್ ಹಾಕ್ದೆ. ಬಂದ ಫಾಲ್ಟ್ ಕೋಡ್: ಲೋ ವೋಲ್ಟೇಜಿನ ಪಿ 0562, ಯು 0100, ಜೊತೆಗೆ ಸ್ಟೀರಿಂಗ್ ಮಾಡ್ಯೂಲಲ್ಲೂ (ಸ್ಟೀರಿಂಗಿನ ಚಿಕ್ಕ ಕಂಪ್ಯೂಟರ್) ಲೋ ವೋಲ್ಟೇಜ್. ಎಲ್ಲರೂ ಯು 0100 ನೋಡಿ ಇಸಿಎಮ್ ಅಂದಿದ್ರು. ಆದ್ರೆ ಆ ಕೋಡ್ ಬರೆದದ್ದು ಇಸಿಎಮ್ ಅಲ್ಲ, ಬೇರೆ ಮಾಡ್ಯೂಲ್‌ಗಳು. ಅವಕ್ಕೆ ಇಸಿಎಮ್ ಮಾತು ಕೇಳಿಸಿಲ್ಲ, ಅಷ್ಟೇ ಅದರ ಅರ್ಥ. ಪಕ್ಕದಲ್ಲೇ ಲೋ ವೋಲ್ಟೇಜ್ ಕೋಡ್ ಕೂತಿರುವಾಗ ಅದನ್ನ ಯಾಕೆ ಬಿಡ್ತಾರೋ ನನಗೆ ಗೊತ್ತಾಗಲ್ಲ. ಬ್ಯಾಟರಿ 12.6 ವೋಲ್ಟ್, ಸ್ಟಾರ್ಟ್ ಮಾಡಿದ ಮೇಲೆ 14.2, ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಂದ ಇಂಜಿನ್ ಬ್ಲಾಕಿಗೆ 0.15 ವೋಲ್ಟ್, ಇದೆಲ್ಲ ಚೊಲೋ ಇತ್ತು. ಮಾಡ್ಯೂಲುಗಳು ಒಂದಕ್ಕೊಂದು ಮಾತಾಡೋ ಕ್ಯಾನ್ ಲೈನನ್ನ ಬ್ಯಾಟರಿ ಕಳಚಿ, ಸ್ಕ್ಯಾನರ್ ಸಾಕೆಟ್ಟಿನ 6ನೇ ಪಿನ್ನಿಗೂ 14ನೇ ಪಿನ್ನಿಗೂ ನಡುವೆ ಅಳೆದೆ, 60 ಓಮ್, ಅದೂ ಸರಿ.

ಇಲ್ಲಿ ಒಂದು ಹಳೇ ಪೆಟ್ಟಿನ ಕಥೆ ಹೇಳ್ಲೇಬೇಕು. ಐದಾರು ವರ್ಷದ ಹಿಂದೆ ಇದೇ ತರದ ಒಂದು ಗಾಡಿಗೆ ನಾನೂ ಇಸಿಎಮ್ ಅಂದಿದ್ದೆ. ಹುಬ್ಬಳ್ಳಿ ಸ್ಕ್ರ್ಯಾಪಿಂದ ಹದಿನಾಲ್ಕು ಸಾವಿರಕ್ಕೆ ಹಳೇ ಇಸಿಎಮ್ ತಂದೆ. ಕೀ ಗುರುತಿಸೋ ಇಮೊಬಿಲೈಜರ್ ಮ್ಯಾಚ್ ಆಗದೆ ಗಾಡಿ ಸ್ಟಾರ್ಟೇ ಆಗ್ಲಿಲ್ಲ, ಕೋಡಿಂಗಿಗೆ ಮತ್ತೆ ನಾಲ್ಕು ಸಾವಿರ, ಸ್ಟಾರ್ಟ್ ಆದ್ಮೇಲೆ ಹಳೇ ಕಂಪ್ಲೇಂಟ್ ಹಾಗೇ ಇತ್ತು. ಸ್ಕ್ರ್ಯಾಪಿನವ್ನು ವಾಪಸ್ ತಗೊಳ್ಳಿಲ್ಲ, ಹದಿನೆಂಟು ಸಾವಿರ ನನ್ನ ತಲೆ ಮೇಲೆ ಬಂತು. ಆ ಗಾಡಿಯಲ್ಲಿ ಆದದ್ದೂ ಅರ್ಥ್ ಪ್ರಾಬ್ಲಮ್ಮೇ, ಅಂದ್ರೆ ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಬರೋ ದಾರಿ ಕೆಟ್ಟಿತ್ತು. ನಾನು ಮೀಟರಲ್ಲಿ ಕಂಟಿನ್ಯುಟಿ, ಅಂದ್ರೆ ವಾಯರ್ ತುಂಡಾಗಿದೆಯಾ ಇಲ್ವಾ ಅಂತ ನೋಡಿದ್ದೆ, ಬೀಪ್ ಬಂದಿತ್ತು, ಸರಿ ಇದೆ ಅಂತ ಬಿಟ್ಟಿದ್ದೆ. ಆ ಬೀಪನ್ನ ನಾನು ಆಮೇಲೆ ನಂಬಿಲ್ಲ. ವಾಯರಲ್ಲಿ ಒಂದೇ ಎಳೆ ಉಳಿದಿದ್ರೂ ಮೀಟರ್ ಬೀಪ್ ಅನ್ನತ್ತೆ, ಅದು ಕಳಿಸೋ ಕರೆಂಟ್ ಅಷ್ಟು ಸಣ್ಣದು. 0.05 ಓಮ್ ನಮ್ಮ ಮೀಟರಿಗೆ ಕಾಣೋದೇ ಇಲ್ಲ, ಪ್ರೋಬ್ ವಾಯರಿಗೇ 0.2 ತೋರಿಸ್ತದೆ. ಆದ್ರೆ ಅದೇ 0.05ರಲ್ಲಿ 40 ಆಂಪಿಯರ್ ಹರಿದ್ರೆ 2 ವೋಲ್ಟ್ ಅಲ್ಲೇ ಖತಮ್. ಹಾಗಾಗಿ ಲೋಡ್ ಹಾಕಿ, ಅಂದ್ರೆ ಕರೆಂಟ್ ಎಳೆಯೋದನ್ನೆಲ್ಲ ಓಡಿಸಿಯೇ ಅಳೀಬೇಕು.

ಯಜಮಾನ್ರನ್ನ ಕೂರಿಸಿ ಚಾ ತರಿಸಿ ಅರ್ಧ ಗಂಟೆ ಬರೀ ಕೇಳ್ದೆ. ನಿಲ್ಲೋದು ಎಲ್ಲಿ, ನೇರ ರಸ್ತೆಯಲ್ಲೋ ತಿರುವಲ್ಲೋ? ತಿರುವಲ್ಲಿ. ಎಸಿ ಇತ್ತಾ? ಗ್ಲಾಸ್ ಮಂಜು ಹಿಡೀತದಲ್ಲ, ಹಾಕ್ಲೇಬೇಕು. ಹೆಡ್‌ಲೈಟ್? ಹೌದು, ಮತ್ತೆ ತಿರುವಲ್ಲಿ ಸ್ವಲ್ಪ ಮಂಕಾಗ್ತದೆ. ಈ ಕೊನೇ ಮಾತನ್ನ ಇಷ್ಟು ದಿನ ಒಬ್ಬರೂ ಅವರ ಹತ್ರ ಕೇಳಿರ್ಲಿಲ್ಲ! ನನಗೆ ಅಲ್ಲೇ ಅರ್ಧ ಗೊತ್ತಾಯ್ತು. ಮಳೆ ನೀರು ಎಲ್ಲೋ ಒಳಗೆ ಹೋಗ್ತದೆ ಅಂತ ಎಲ್ಲರೂ ಕನೆಕ್ಟರ್ ಬಿಚ್ಚಿ ಬಿಚ್ಚಿ ನೋಡಿದ್ರು, ನೀರಿಗೂ ಇದಕ್ಕೂ ಸಂಬಂಧ ಇಲ್ಲ. ಮಳೆ ಬಂದ್ರೆ ನಾವು ವೈಪರ್, ಹೆಡ್‌ಲೈಟ್, ಬ್ಲೋವರ್, ಎಸಿ, ಹಿಂದಿನ ಗ್ಲಾಸಿನ ಡಿಫಾಗರ್ ಎಲ್ಲ ಒಟ್ಟಿಗೆ ಹಾಕ್ತೇವೆ. ಘಟ್ಟ ಹತ್ತುವಾಗ ಸೆಕೆಂಡ್ ಗೇರಲ್ಲಿ ಇಂಜಿನ್ ಕಾದು ರೇಡಿಯೇಟರ್ ಫ್ಯಾನ್ ಬರ್ತದೆ. ಅದರ ಮೇಲೆ ದೇವಿಮನೆಯ ತಿರುವು, ನಿಧಾನಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸಬೇಕು, ಎಲೆಕ್ಟ್ರಿಕ್ ಸ್ಟೀರಿಂಗ್ ಒಂದೇ ಆ ಕ್ಷಣಕ್ಕೆ ಐವತ್ತು ಅರವತ್ತು ಆಂಪಿಯರ್ ಎಳೀತದೆ.

ಹಾಗಾದ್ರೆ ಘಟ್ಟವನ್ನ ಶೆಡ್ಡಿಗೇ ತರೋದು ಅಂತ ತೀರ್ಮಾನ ಮಾಡ್ದೆ. ಇಸಿಎಮ್ ಕನೆಕ್ಟರಿನ ಅರ್ಥ್ ಪಿನ್ನಿಗೆ ಹಿಂದಿಂದ ಸೂಜಿ ತೂರಿಸಿ ಮೀಟರಿನ ಒಂದು ಪ್ರೋಬ್, ಇನ್ನೊಂದು ಬ್ಯಾಟರಿ ಮೈನಸ್ ಪೋಸ್ಟಿಗೆ, ನೆನಪಿಡಿ ಕ್ಲಾಂಪಿಗಲ್ಲ, ಸೀಸದ ಪೋಸ್ಟಿಗೇ. ಮೀಟರಲ್ಲಿ ಅತಿ ಕಡಿಮೆ, ಅತಿ ಜಾಸ್ತಿ ಹಿಡಿದಿಡೋ ಮಿನ್ ಮ್ಯಾಕ್ಸ್ ಒತ್ತಿಟ್ಟೆ, ಎರಡನೇ ಜೊತೆ ವಾಯರ್ ವೋಲ್ಟೇಜಿನ ಏರಿಳಿತ ಗೆರೆಯಾಗಿ ತೋರಿಸೋ ಸ್ಕೋಪಿಗೆ. ಅರ್ಥ್ ಸರಿ ಇದ್ರೆ ಇಲ್ಲಿ ಸೊನ್ನೆ ಹತ್ರ ಇರ್ಬೇಕು. ಐಡಲಲ್ಲಿ 40 ಮಿಲಿವೋಲ್ಟ್, ಏನೂ ತೊಂದ್ರೆ ಇಲ್ಲ. ಹೆಡ್‌ಲೈಟ್ ಹೈಬೀಮ್, ಬ್ಲೋವರ್ ನಾಲ್ಕು, ಡಿಫಾಗರ್, ಗ್ಲಾಸ್ ಮೇಲೆ ನೀರು ಹೊಯ್ದು ವೈಪರ್, 0.6 ವೋಲ್ಟಿನ ಹತ್ರ ಹೋಯ್ತು. ಎಸಿ ಹಾಕಿ ರೇಸ್ ಹಿಡಿದು ಕಾಯಿಸಿದೆ. ಫ್ಯಾನ್ ಬಂತು, 1.9. ಹಾಗೇ ಎರಡು ನಿಮಿಷ ಬಿಟ್ಟೆ, ಮೇಲೆ ಮೇಲೆ ಹೋಗ್ತಾ ಇತ್ತು, 2.4, 2.7. ಆಗ ಹುಡುಗನಿಗೆ ಸ್ಟೀರಿಂಗ್ ಪೂರ್ತಿ ಬಲಕ್ಕೆ ಎಳೆದು ಹಿಡಿ ಅಂದೆ. ಹೆಡ್‌ಲೈಟ್ ಮಂಕಾಯ್ತು, ಟಕ್ ಅಂತ ರಿಲೇ ಸದ್ದು, ಡ್ಯಾಶ್‌ಬೋರ್ಡ್ ಪೂರ್ತಿ ಹತ್ತಿತು, ಇಂಜಿನ್ ಬಂದ್. ಸ್ಕೋಪಲ್ಲಿ ನೋಡಿದ್ರೆ ಅರ್ಥ್ ಸೈಡಲ್ಲಿ 7 ವೋಲ್ಟ್ ಎದ್ದಿದೆ. ಅಂದ್ರೆ ಇಸಿಎಮ್‌ಗೆ ಉಳಿದದ್ದು ಆರೋ ಏಳೋ ವೋಲ್ಟ್, ಅದರಲ್ಲಿ ಅದು ಹೇಗೆ ಓಡ್ತದೆ? ಒಂದು ಹನಿ ಮಳೆ ಇಲ್ಲ, ಒಂದು ಅಡಿ ಗಾಡಿ ಮುಂದೆ ಹೋಗಿಲ್ಲ, ಘಟ್ಟದ ಫಾಲ್ಟ್ ನನ್ನ ಶೆಡ್ಡಲ್ಲಿ ಬಂತು. ಯಜಮಾನ್ರು ಎದ್ದು ನಿಂತು "ಇದೇ, ಇದೇ" ಅಂತ ಕೂಗಿದ್ರು.

ಆಮೇಲಿಂದು ಹತ್ತು ನಿಮಿಷದ ಕೆಲಸ. ಬ್ಯಾಟರಿ ಮೈನಸ್ಸಿಂದ ಎರಡು ಕೇಬಲ್, ಒಂದು ಇಂಜಿನಿಗೆ, ಒಂದು ಗಾಡಿಯ ಲೋಹದ ಮೈ, ಅಂದ್ರೆ ಬಾಡಿ ಕಡೆಗೆ. ಇಂಜಿನಿಂದು ಸರಿ ಇದ್ದದ್ದಕ್ಕೇ ಸೆಲ್ಫ್ ಚೆನ್ನಾಗಿ ಹೊಡೀತಿತ್ತು, ಚಾರ್ಜಿಂಗ್ ಸರಿ ತೋರಿಸ್ತಿತ್ತು, ಎಲ್ಲರೂ ಮೋಸ ಹೋದದ್ದು ಅಲ್ಲೇ. ಬಾಡಿ ಕೇಬಲ್ಲಿನ ಲಗ್, ಅಂದ್ರೆ ಬೋಲ್ಟ್ ಕೂರೋ ತುದಿಯ ಬಳೆ, ಬ್ಯಾಟರಿ ಟ್ರೇ ಕೆಳಗೆ, ಕೈ ಇಟ್ರೆ ಸುಡ್ತಿತ್ತು. ಬೋಲ್ಟ್ ಟೈಟ್, ಲಗ್ ಹೊಳೀತಿದೆ, ಮೇಲಿಂದ ನೋಡಿದ್ರೆ ಯಾರೂ ತಪ್ಪು ಹೇಳಲ್ಲ. ಬ್ಲೇಡಿಂದ ಪ್ಲಾಸ್ಟಿಕ್ ಸೀಳಿದೆ, ಒಳಗಿಂದ ಹಸಿರು ಕಪ್ಪು ಪುಡಿ ಹಲ್ಲುಪುಡಿ ತರ ಉದುರಿತು. ಗಟ್ಟಿ ಇದ್ದ ಎಳೆ ಎಣಿಸಿದ್ರೆ ಏಳೋ ಎಂಟೋ. ವಿಚಾರಿಸಿದ್ರೆ ಮೊದಲ ಓನರ್ ಸಮುದ್ರ ದಂಡೆಯವ್ನು, ಆರು ವರ್ಷ ಗಾಡಿ ಹೊರಗೇ ನಿಲ್ಲಿಸ್ತಿದ್ದ. ಘಟ್ಟದ ಮೇಲಿನ ಮೆಕ್ಯಾನಿಕ್‌ಗಳಿಗೆ ಈ ತರ ಕಿಲುಬು ದಿನಾ ನೋಡಿ ರೂಢಿ ಇಲ್ಲ, ಅವರನ್ನ ನಾನು ಬಯ್ಯಲ್ಲ.

ಹೊಸ ಕೇಬಲ್ 25 ಸ್ಕ್ವೇರ್ ಎಂಎಮ್, ತವರ ಲೇಪದ ತಾಮ್ರದ ವಾಯರ್. ಇಲ್ಲಿನ ಮೀನು ಬಂದರು ಬೈತ್‌ಕೋಲದಲ್ಲಿ ಬೋಟಿನ ವೈರಿಂಗ್ ಮಾಡೋ ಒಬ್ಬರ ಹತ್ರ ಕಲ್ತದ್ದು ಇದು, ಉಪ್ಪುನೀರಿಗೆ ಬರಿ ತಾಮ್ರ ತಡೆಯಲ್ಲ. ಲಗ್‌ಗೆ ಒತ್ತಿ ಬಿಗಿಯೋ ಹೈಡ್ರಾಲಿಕ್ ಕ್ರಿಂಪರ್, ಮೇಲಿಂದ ಒಳಗೆ ಗಮ್ ಇರೋ, ಕಾಯಿಸಿದ್ರೆ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವೆ. ಬಾಡಿ ಕಡೆ ಪೇಂಟ್ ಕೆರೆದು ಬರಿ ಲೋಹ ಕಂಡ ಮೇಲೆ ಬೋಲ್ಟ್. ಬಿಗಿ ಮಾಡಿದ ಮೇಲೆ ಅದರ ಮೇಲೆ ನಾನು ಹಚ್ಚೋದು ಒಂದು ಮಿಕ್ಸ್ ಇದೆ, ಅದನ್ನ ಇಲ್ಲಿ ಬರೆಯಲ್ಲ, ನನ್ನ ಹೊಟ್ಟೆಪಾಡು. ವೈರಿಂಗ್ ಕಟ್ಟು ಬಿಚ್ಚದೆ ಒಳಗಿನ ಜಾಯಿಂಟ್ ಎಲ್ಲಿ ಕೊಳೆತಿದೆ ಅಂತ ಹುಡುಕೋ ವಿಧಾನವನ್ನೂ ಬರೆಯಲ್ಲ. ಮತ್ತೆ ಅದೇ ಲೋಡ್ ಎಲ್ಲ ಹಾಕಿ ಸ್ಟೀರಿಂಗ್ ಎಳೆದು ಅಳೆದೆ, ಜಾಸ್ತಿ ಅಂದ್ರೆ 90 ಮಿಲಿವೋಲ್ಟ್.

ಸಾಮಾನಿಗೆ ಹತ್ತಿರ ಹತ್ತಿರ ಐನೂರು. ನಾನು ತಗೊಂಡದ್ದು ನಾಲ್ಕು ಸಾವಿರ. "ಒಂದು ಮೊಳ ವಾಯರಿಗೆ ನಾಲ್ಕು ಸಾವಿರನಾ" ಅಂತ ಜೊತೆಗೆ ಬಂದಿದ್ದ ಅಳಿಯ ಕೇಳಿದ, ಯಜಮಾನ್ರೇ ಅವನನ್ನ ಸುಮ್ಮನಿರಿಸಿದ್ರು. ಚೆಕಿಂಗಿಗೆ ದುಡ್ಡು ಕೇಳೋಕೆ ನಮ್ಮವ್ರು ನಾಚ್ಕೋತಾರೆ, ಅದಕ್ಕೇ ಪಾರ್ಟ್ ಹಾಕಿ ಅದರ ಮೇಲೆ ಗಳಿಸೋದು ನಡೀತಾ ಬಂದಿದೆ. ನಾನು ಮೊದಲೇ ಹೇಳ್ತೇನೆ, ಹುಡುಕೋದಕ್ಕೆ ಸಾವಿರದೈನೂರು, ಸಿಕ್ಲಿ ಬಿಡ್ಲಿ. ಮೀಟರಿಗೇ ಒಂಬತ್ತು ಸಾವಿರ, ಸ್ಕೋಪಿಗೆ ಹದಿನೇಳು, ಸ್ಕ್ಯಾನರಿಗೆ ಅರವತ್ತರ ಮೇಲೆ ಹಾಕಿದ್ದೇನೆ, ಅದು ಎಲ್ಲಿಂದ ಬರಬೇಕು? ಸೀಳಿದ ಹಳೇ ಕೇಬಲ್ ಗಿರಾಕಿ ಕೈಯಲ್ಲಿ ಕೊಟ್ಟುಬಿಡ್ತೇನೆ, ಮತ್ತೆ ಮಾತಾಡಲ್ಲ.

ಕನೆಕ್ಟರಿಗೆ ಸೂಜಿ ತೂರಿಸಿ ಅಳೆದ ವಿಷಯ ಮೇಲೆ ಬಂತಲ್ಲ, ಅದರಲ್ಲಿ ಒಂದು ತಪ್ಪು ಯಾರೂ ಮಾಡ್ಬೇಡಿ. ಮೊದಮೊದಲು ನಾನು ವಾಯರ್ ಪ್ಲಾಸ್ಟಿಕ್ಕಿಗೆ ಚುಚ್ಚಿ ಅಳೀತಿದ್ದೆ. ಒಂದು ಗಾಡಿಯಲ್ಲಿ ಡೀಸೆಲ್ ಒತ್ತಡ ಅಳೆಯೋ ರೇಲ್ ಪ್ರೆಶರ್ ಸೆನ್ಸರ್ ವಾಯರಿಗೆ ಚುಚ್ಚಿ, ಫಾಲ್ಟ್ ಬೇರೆ ಕಡೆ ಸಿಕ್ಕಿ, ಸರಿ ಮಾಡಿ ಕಳ್ಸಿದ್ದೆ. ನಾಲ್ಕು ತಿಂಗಳಿಗೆ ಅದೇ ಗಾಡಿ ಟೋಯಿಂಗಲ್ಲಿ ವಾಪಸ್. ನಾನು ಚುಚ್ಚಿದ ತೂತಿಂದ ತೇವ ಹೋಗಿ ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ ಅರ್ಧ ಅಡಿ ತನಕ ಕಪ್ಪಾಗಿತ್ತು. ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯಲ್ಲ, ಕೆಂಪು ಹೊಳಪು ಕಾಣೋ ತನಕ ಕತ್ತರಿಸ್ತಾ ಹಿಂದೆ ಹೋಗ್ಬೇಕು. ಅದನ್ನ ಪುಕ್ಕಟೆ ಮಾಡಿಕೊಟ್ಟೆ. ಈಗ ಕನೆಕ್ಟರ್ ಹಿಂದಿಂದ ಮಾತ್ರ, ಅಪರೂಪಕ್ಕೆ ಚುಚ್ಲೇಬೇಕಾದ್ರೆ ಉಗುರಿನ ಬಣ್ಣ ಎರಡು ಕೋಟ್ ಹಚ್ಚಿ ಒಣಗಿಸಿಯೇ ಮುಚ್ಚೋದು.

2024ರ ಜುಲೈಯಲ್ಲಿ ಅಂಕೋಲಾ ಹತ್ರ ಶಿರೂರು ಗುಡ್ಡ ಕುಸಿದು ಹೈವೇ ಬಂದ್ ಆದಾಗ ಕುಮಟಾ ಹೊನ್ನಾವರ ಕಡೆಯಿಂದ ಗಾಡಿ ಬರೋದೇ ನಿಂತಿತ್ತು, ಮನಸ್ಸಿಗೂ ಬೇಜಾರು. ಕೈ ಖಾಲಿ ಇರ್ಬಾರ್ದು ಅಂತ ಒಂದು ಹಲಗೆಗೆ ಲಗ್ ಹಾಕಿದ ವಾಯರ್ ತುಂಡುಗಳನ್ನ ಬೋಲ್ಟ್ ಮಾಡಿ ಶೆಡ್ ತಗಡಿನ ಮೇಲೆ ಇಟ್ಟೆ, ದಿನಾ ಒಂದು ಚೊಂಬು ಸಮುದ್ರದ ನೀರು. ಒಂದು ಬರಿ, ಒಂದಕ್ಕೆ ಗ್ರೀಸ್, ಒಂದಕ್ಕೆ ವ್ಯಾಸಲೀನ್, ಒಂದಕ್ಕೆ ತೆಂಗಿನೆಣ್ಣೆ, ಒಂದಕ್ಕೆ ಪೇಂಟ್, ಒಂದಕ್ಕೆ ಬರಿ ಟೇಪು. ಎರಡು ತಿಂಗಳ ಮೇಲೆ ಬಿಚ್ಚಿದ್ರೆ ಎಲ್ಲದಕ್ಕಿಂತ ಕೆಟ್ಟದ್ದು ಟೇಪಿಂದು, ಬರಿ ಬಿಟ್ಟದ್ದಕ್ಕಿಂತ್ಲೂ ಕೆಟ್ಟದಾಗಿತ್ತು! ನೀರು ಒಳಗೆ ಹೋಗೋಕೆ ಬಿಡ್ತದೆ, ಹೊರಗೆ ಬರೋಕೆ ಬಿಡಲ್ಲ. ತೆಂಗಿನೆಣ್ಣೆ ವಾರಕ್ಕೇ ತೊಳೆದು ಹೋಯ್ತು. ವ್ಯಾಸಲೀನ್ ಹಲಗೆ ಮೇಲೆ ಚೆನ್ನಾಗಿತ್ತು, ಆದ್ರೆ ಇಂಜಿನ್ ಕಾವಿಗೆ ಕರಗಿ ಇಳೀತದೆ, ಬ್ಯಾಟರಿ ಟರ್ಮಿನಲ್ಲಿಗೆ ಸಾಕು. ಬೋಲ್ಟ್ ಬಿಗಿ ಮಾಡಿದ ಮೇಲೆ ಹೊಡೆದ ಪೇಂಟ್ ಗಟ್ಟಿ ನಿಂತಿತ್ತು.

ಇದೇ ಹೊತ್ತಿಗೆ ಮೀನಿನ ಪಿಕಪ್ಪಿನವ್ರಿಗೂ ಒಂದು ದಾರಿ ಸಿಕ್ತು. ಬೈತ್‌ಕೋಲಿಂದ ಮೀನು ಹೊರೋ ಗಾಡಿಗಳಲ್ಲಿ ಐಸ್ ಕರಗಿದ ಉಪ್ಪುನೀರು ಹಗಲು ರಾತ್ರಿ ಚಾಸಿಸ್ ಮೇಲೆ ತೊಟ್ಟಿಕ್ತದೆ, ಹಿಂದಿನ ಲೈಟಿನ ಅರ್ಥ್ ಬೋಲ್ಟ್ ಮೂರ್ನಾಲ್ಕು ತಿಂಗಳಿಗೆ ಕೂತುಬಿಡ್ತದೆ, ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣುಕ್ತದೆ. ಚಾಸಿಸ್ಸನ್ನೇ ನಂಬೋದು ಬಿಟ್ಟು ಹಿಂದಿಂದ ಮುಂದಿನ ತನಕ ತವರ ಲೇಪದ ಅರ್ಥ್ ವಾಯರ್ ಒಂದು ಬೇರೆನೇ ಎಳೆದೆ, ಸಾವಿರದ ಎಂಟುನೂರು ತಗೊಂಡೆ. ಮೊದಲು ಮಾಡಿದ ಗಾಡಿ ವರ್ಷ ದಾಟಿತು, ಬಲ್ಬ್ ಬಿಟ್ಟು ಬೇರೆ ಏನೂ ಕೇಳಿಲ್ಲ. ಈಗ ಅವರಲ್ಲೇ ಹನ್ನೊಂದು ಗಾಡಿ ಆಯ್ತು.

ಉಸ್ತಾದ್ ಹೋದ ತಿಂಗಳು ಫೋನ್ ಮಾಡಿದ್ರು, ಅವರ ಹತ್ರ ಒಂದು ಗಾಡಿ ಇದೆಯಂತೆ, ಎಸಿ ಹಾಕಿದ್ರೆ ಗೇರ್ ಲೈಟ್ ಬರ್ತದಂತೆ. "ನಿನ್ನ ಆ ಲೋಡ್ ಹಾಕಿ ಅಳೆಯೋದು ಹೇಗೆ ಹೇಳು" ಅಂದ್ರು. ಫೋನಲ್ಲೇ ನಿಂತು ಅಳೆಸಿದೆ, ಗೇರ್‌ಬಾಕ್ಸ್ ಅರ್ಥಲ್ಲಿ 0.8 ವೋಲ್ಟ್ ಬಂತು, ಅಲ್ಲೂ ಅರ್ಥೇ ಕೆಟ್ಟದ್ದು. ಸದ್ಯ ನನ್ನ ಶೆಡ್ಡಲ್ಲಿ ಇರೋ ಗಾಡಿಯ ಕ್ಯಾನ್ ಲೈನ್ ಬೆಳಿಗ್ಗೆ 60 ಓಮ್, ಬಿಸಿಲು ಏರಿದ ಮೇಲೆ 120. ಒಂದು ತುದಿಯ ರೆಸಿಸ್ಟರ್ ಕಡೆ ಎಲ್ಲೋ ಬಿಡ್ತಿದೆ, ಡ್ಯಾಶ್‌ಬೋರ್ಡ್ ಇಳಿಸಿ ಮೂರು ದಿನ ಆಯ್ತು, ಇನ್ನೂ ಜಾಗ ಸಿಕ್ಕಿಲ್ಲ.