ಹುಟ್ಟಿದ ಇಸವಿಯಿಂದ ಶುರು ಮಾಡಬೇಡಿ: ಮಕ್ಕಳಿಗೆ ಇತಿಹಾಸದ ಪುಸ್ತಕ ಮಾಡಿದ ನನ್ನ ಅನುಭವ

ಮಕ್ಕಳಿಗೆ ಇತಿಹಾಸದ ಪುಸ್ತಕ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲ ಸಾಲಲ್ಲೇ ಒಂದು ಇಸವಿ ಹಾಕುತ್ತಾರೆ. ಇಂಥ ರಾಜ ಇಂಥ ವರ್ಷ ಇಂಥ ಊರಲ್ಲಿ ಹುಟ್ಟಿದ, ತಂದೆ ಇಂಥವರು, ತಾಯಿ ಇಂಥವರು. ನಾಲ್ಕನೇ ಕ್ಲಾಸಿನ ಮಗು ಅಲ್ಲಿಗೇ ಪುಸ್ತಕ ಮುಚ್ಚಿ ಆಡೋಕೆ ಹೋಗುತ್ತೆ. ಹೋಗದೆ ಇನ್ನೇನು ಮಾಡುತ್ತೆ, ಅದು ಕಥೆ ಅಲ್ಲ, ಜನನ ಪ್ರಮಾಣಪತ್ರ.

ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ನಮ್ಮ ಸೀಮೆಯ ಇತಿಹಾಸದ ಮೇಲೆ ಪುಟ್ಟ ಪುಸ್ತಕಗಳನ್ನು ಮಾಡುತ್ತಾ ಬಂದಿದ್ದೇನೆ. ಪ್ರಕಾಶಕರು ಗಿಕಾಶಕರು ಯಾರೂ ಇಲ್ಲ. ನಾಲ್ಕು ಎ-ಫೋರ್ ಹಾಳೆಯನ್ನು ಎರಡೂ ಕಡೆ ಝೆರಾಕ್ಸ್ ಮಾಡಿಸಿ ಮಧ್ಯಕ್ಕೆ ಮಡಚಿದರೆ 16 ಪುಟ ಆಗುತ್ತೆ. ಒಂದು ಪುಸ್ತಕಕ್ಕೆ ಅಷ್ಟೇ ಜಾಗ. ಈ ಜಾಗ ಕಡಿಮೆ ಇರುವುದೇ ಒಳ್ಳೆಯದು. ಒಂದು ವಂಶದ ಕಥೆ ಅದರಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಒಂದು ಕಲ್ಲು, ಒಂದು ದಿನ, ಒಂದು ಜಗಳ ಆರಿಸಿಕೊಳ್ಳಲೇಬೇಕಾಗುತ್ತೆ.

ಕಲ್ಲಿನಿಂದ ಶುರು ಮಾಡುವುದು ಸುಲಭ. ನಮ್ಮ ಕಡೆ ವೀರಗಲ್ಲು ಇಲ್ಲದ ಊರು ಕಡಿಮೆ. ದೇವಸ್ಥಾನದ ಹಿಂದೆ, ಕೆರೆ ಏರಿ ಮೇಲೆ, ಒಮ್ಮೊಮ್ಮೆ ಬಚ್ಚಲ ನೀರು ಹೋಗುವ ಕಡೆ ಮಗುಚಿ ಬಿದ್ದಿರುತ್ತೆ. ಮಕ್ಕಳು ದಿನಾ ಅದರ ಮೇಲೆ ಕಾಲಿಟ್ಟೇ ಶಾಲೆಗೆ ಬರುತ್ತಾರೆ. ಹೆಚ್ಚಿನ ವೀರಗಲ್ಲಿನಲ್ಲಿ ಮೂರು ಅಂತಸ್ತು ಇರುತ್ತೆ. ಕೆಳಗಡೆ ಹೋರಾಟ, ಎಷ್ಟೋ ಕಡೆ ಪಕ್ಕದಲ್ಲೇ ದನಗಳ ಸಾಲು, ಯಾಕಂದ್ರೆ ಆಗ ಎಷ್ಟೋ ಜಗಳ ಆಗುತ್ತಿದ್ದದ್ದು ತುರು ಕದಿಯೋಕೆ ಬಂದವರ ಜೊತೆ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಇದು ಕಾಮಿಕ್ಸ್ ಪುಸ್ತಕವೇ, ಆದರೆ ಕೆಳಗಿಂದ ಮೇಲಕ್ಕೆ ಓದಬೇಕು. ಅದಕ್ಕೇ ನನ್ನ ವೀರಗಲ್ಲಿನ ಪುಸ್ತಕವನ್ನು ಕ್ಯಾಲೆಂಡರ್ ಥರ ಮೇಲ್ಗಡೆ ಹೊಲಿದೆ. ಪುಟವನ್ನು ಮೇಲಕ್ಕೆ ಎತ್ತುತ್ತಾ ಹೋದ ಹಾಗೆ ವೀರ ಕೂಡ ಮೇಲಕ್ಕೆ ಹೋಗುತ್ತಾನೆ. ಅದನ್ನು ಓದಿದ ಮೇಲೆ ಮಕ್ಕಳು ತಂತಮ್ಮ ಊರಿನ ಕಲ್ಲು ಹುಡುಕಿಕೊಂಡು ಬರೋಕೆ ಶುರು ಮಾಡಿದರು. ಒಬ್ಬಳು ಬಂದು, "ಟೀಚರ್, ನಮ್ಮ ಕಲ್ಲಲ್ಲಿ ಹೆಂಗಸಿನ ಕೈ ಇದೆ, ಬರೀ ಕೈ, ಬಳೆ ಹಾಕಿದ್ದು" ಅಂದಳು. ಅದು ಮಾಸ್ತಿಕಲ್ಲು. ಗಂಡನ ಜೊತೆ ಚಿತೆ ಏರಿದವಳ ಕಲ್ಲು ಅಂತ ಹತ್ತು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಹೇಳಿದೆ. ಸುಮ್ನೆ ಪೂಜೆ ಮಾಡುವ ಕಲ್ಲು ಅಂತ ಹೇಳಿ ಸಾಗಹಾಕಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನ ಯಾರಾದ್ರೂ ಕೇಳಿದ್ರಾ?" ಅಂದಳು. ಆ ಪ್ರಶ್ನೆಯನ್ನು ಹಾಗೇ ಪುಸ್ತಕದ ಕೊನೆಗೆ ಹಾಕಿದ್ದೇನೆ, ಉತ್ತರ ಬರೆದಿಲ್ಲ.

ಎರಡನೇ ಥರದ ಪುಸ್ತಕ ಯಾರೋ ಕಣ್ಣಾರೆ ನೋಡಿ ಬರೆದಿಟ್ಟಿದ್ದರಿಂದ ಹುಟ್ಟುತ್ತೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ಇಟಲಿಯವನು ಗೋವಾದಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ಆಗ ಅಲ್ಲಿ ಕೆಳದಿ ವಂಶದ ವೆಂಕಟಪ್ಪ ನಾಯಕನ ಆಳ್ವಿಕೆ. ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಬರುವಾಗ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ನೋಡುತ್ತಾನೆ. ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡಿದ್ದರು. ಒಬ್ಬ ರಾಗವಾಗಿ ಪಾಠ ಹೇಳುತ್ತಾ ಬೆರಳಲ್ಲಿ ಮರಳ ಮೇಲೆ ಬರೆಯುತ್ತಾನೆ, ಉಳಿದವರೂ ಹಾಗೇ ಹಾಡುತ್ತಾ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಹೊಸ ಮರಳು ಹಾಕುತ್ತಾರೆ. ಮೇಷ್ಟ್ರು ಇಲ್ಲ. ಮರೆತುಹೋದರೆ ತಿದ್ದುವವರು ಯಾರು ಅಂತ ಅವನು ಕೇಳಿದ್ದಕ್ಕೆ, ನಾಲ್ಕೂ ಜನ ಒಂದೇ ಜಾಗದಲ್ಲಿ ಮರೆಯೋಕೆ ಸಾಧ್ಯವಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟರಂತೆ ಆ ಪೋರರು!

ನಮ್ಮ ಸೀಮೆಯ ಮಕ್ಕಳು 400 ವರ್ಷದ ಹಿಂದೆ ಲೆಕ್ಕ ಕಲಿತ ರೀತಿ ಒಬ್ಬ ವಿದೇಶಿಯ ಕಾಗದದಲ್ಲಿ ಉಳಿದಿದೆ, ನಮ್ಮ ಪಠ್ಯದಲ್ಲಿ ನಾನು ಕಂಡಿಲ್ಲ. ಇದಕ್ಕಿಂತ ಒಳ್ಳೆಯ ಮಕ್ಕಳ ಪುಸ್ತಕ ಬೇಕಾ? ರಾಜನನ್ನು ಒಂದೇ ಪುಟಕ್ಕೆ ಮುಗಿಸಿದೆ, ಹುಡುಗರಿಗೆ ಹತ್ತು ಪುಟ ಕೊಟ್ಟೆ. ಓದಿ ಮುಗಿಸಿದ ದಿನವೇ ಶಾಲೆಯ ಜಗಲಿಗೆ ಮರಳು ಬಂತು. ಏಳರ ಮಗ್ಗಿ ಬಾರದ ಹುಡುಗ ಕೂಡ ರಾಗ ಎಳೆದು ಬರೆದ. ಕಸ ಗುಡಿಸುವ ಸರದಿ ಯಾರದು ಅಂತ ಆಮೇಲೆ ಜಗಳ ಆಯಿತು, ಅದು ಬೇರೆ ವಿಷಯ.

ಈ ಪುಸ್ತಕದಿಂದಲೇ ಒಂದು ಗುರುತಿನ ಪದ್ಧತಿ ಶುರುವಾಯಿತು. ಮಕ್ಕಳು ಯಾವಾಗಲೂ "ಇದು ನಿಜಾನಾ?" ಅಂತ ಕೇಳುತ್ತಾರೆ. ಅದಕ್ಕೆ ಪುಟದ ಅಂಚಲ್ಲಿ ಮೂರು ಚಿತ್ರ ಹಾಕುತ್ತೇನೆ. ಶಾಸನದಲ್ಲಿದ್ದರೆ ಕಲ್ಲು. ಆ ಕಾಲದವರು ನೋಡಿ ಬರೆದದ್ದಾದರೆ ಕಣ್ಣು. ಜನ ಹೇಳಿಕೊಂಡು ಬಂದದ್ದಾದರೆ ಬಾಯಿ. ಕೆಳದಿಯಲ್ಲಿ ಹಸು ಹುತ್ತಕ್ಕೆ ಹಾಲು ಸುರಿಸಿತು, ಅಲ್ಲಿ ಲಿಂಗ ಸಿಕ್ಕಿತು, ಚೌಡಪ್ಪನಿಗೆ ಅರಸುತನ ಬಂತು ಅನ್ನುವ ಕಥೆ ಇದೆಯಲ್ಲ, ಅದಕ್ಕೆ ಬಾಯಿ. ಕಥೆ ಬಿಟ್ಟುಬಿಡುವುದಿಲ್ಲ, ಚೆನ್ನಾಗಿದೆ, ಯಾಕೆ ಬಿಡಬೇಕು? ತಾಳಗುಂದದ ಕಂಬಕ್ಕೆ ಕಲ್ಲು. ಕದಂಬ ವಂಶ ಕಟ್ಟಿದ ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆದದ್ದು, ಓದು ಬಿಟ್ಟು ಕತ್ತಿ ಹಿಡಿದದ್ದು, ಇದೆಲ್ಲ ಕುಬ್ಜ ಅನ್ನುವ ಕವಿ ಬರೆದು ಆ ಕಂಬದ ಮೇಲೆ ಕೆತ್ತಿದ ಪದ್ಯದಲ್ಲಿದೆ. ಕಂಬ ಇರುವುದು ಪ್ರಣವೇಶ್ವರ ಗುಡಿ ಮುಂದೆ. ಮಕ್ಕಳಿಗೆ ಮಜಾ ಅನ್ನಿಸಿದ್ದು ಇನ್ನೊಂದು ವಿಷಯ: ಆ ಕಂಬದ ಬರಹ ಒಂದು ಕೆರೆ ಕಟ್ಟಿಸಿದ್ದನ್ನು ಹೇಳೋಕೆ. ಕೆರೆ ವಿಷಯ ಹೇಳಲು ಹೋಗಿ ಇಡೀ ಕದಂಬರ ಕಥೆ ಹೇಳಿದ್ದಾನೆ ಕವಿ.

ಶಾಸನ ಎಲ್ಲಿ ಹುಡುಕುವುದು ಅಂತ ಕೇಳುವವರಿಗೆ: ಬಿ.ಎಲ್. ರೈಸ್ ಸಾಹೇಬರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟ ಶಿವಮೊಗ್ಗ ಜಿಲ್ಲೆಯದ್ದು. ತಾಲ್ಲೂಕುವಾರು ಇದೆ. ನಿಮ್ಮ ಊರಿನ ಹೆಸರು ಹುಡುಕಿ ನೋಡಿ, ಎಷ್ಟೋ ಸಲ ಸಿಕ್ಕೇ ಸಿಗುತ್ತೆ.

ಇಸವಿಯ ಗೋಳು ಬೇರೆ. ಮಕ್ಕಳಿಗೆ 1942 ಕೂಡ ಹಳೆಯದು, 1623 ಕೂಡ ಹಳೆಯದು, ಎರಡೂ ಒಂದೇ. ನಾನು ಅಜ್ಜಿ ಲೆಕ್ಕ ಮಾಡಿದೆ. ಅಜ್ಜಿಗೂ ಮೊಮ್ಮಗುವಿಗೂ 60 ವರ್ಷದ ಅಂತರ ಅಂತ ಇಟ್ಟುಕೊಳ್ಳಿ. ಹೈದರಾಲಿ ಬಿದನೂರು ಗೆದ್ದು ಕೆಳದಿ ಅರಸರ ಆಳ್ವಿಕೆ ಮುಗಿದದ್ದು 1763, ಅಂದರೆ ನಾಲ್ಕು ಅಜ್ಜಿ ದಾಟಿ ಸ್ವಲ್ಪ ಹಿಂದೆ. ಮರಳಿನ ಹುಡುಗರು ಏಳು ಅಜ್ಜಿ ಹತ್ತಿರ. ತಾಳಗುಂದದ ಕಂಬಕ್ಕೆ 25 ಅಜ್ಜಿಗಿಂತ ಜಾಸ್ತಿ ಬೇಕು. ಮಕ್ಕಳನ್ನೇ ಅಜ್ಜಿಯರು ಮಾಡಿ ಸಾಲಾಗಿ ನಿಲ್ಲಿಸಿದರೆ ಆಯಿತು. ಕದಂಬರ ಕಾಲಕ್ಕೆ ನಮ್ಮ ಕ್ಲಾಸಿನ ಅಜ್ಜಿಯರು ಸಾಲದೆ ಪಕ್ಕದ ಕ್ಲಾಸಿಂದ ಸಾಲ ತಂದೆವು. ಆಮೇಲೆ ಪುಟದಲ್ಲಿ ಇಸವಿ ಪಕ್ಕ ಅಷ್ಟು ಅಜ್ಜಿ ಅಂತ ಬರೆದರೆ ಸಾಕು.

ಮಾತಿನ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ರಾಜ ರಾಣಿಯರ ಬಾಯಲ್ಲಿ ನಾನು ಸಂಭಾಷಣೆ ಹಾಕುವುದಿಲ್ಲ. ಕೆಳದಿ ಚೆನ್ನಮ್ಮ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಕೊಟ್ಟು ಕಾಪಾಡಿದಳು, ಅದಕ್ಕೆ ಔರಂಗಜೇಬನ ಸೈನ್ಯ ಅವಳ ಮೇಲೆ ಬಂತು. ಇಷ್ಟು ಸಾಕು, ಇದೇ ಮೈ ಜುಂ ಅನ್ನಿಸುತ್ತೆ. ಅದರ ಮೇಲೆ "ಎಲೈ ಮಂತ್ರಿಯೇ" ಅಂತ ಒಂದು ಪುಟ ಭಾಷಣ ಯಾಕೆ? ಆ ಭಾಷಣ ನಮ್ಮದು, ಅವಳದ್ದಲ್ಲ. ಬದಲಿಗೆ ಒಂದು ಖಾಲಿ ಪುಟ ಬಿಟ್ಟು, "ನೀವು ಆ ಸಭೆಯಲ್ಲಿದ್ದಿದ್ದರೆ ಏನು ಹೇಳುತ್ತಿದ್ದಿರಿ?" ಅಂತ ಕೇಳಿದೆ. ಅರ್ಧ ಕ್ಲಾಸು ರಕ್ಷಣೆ ಕೊಡಬೇಕು ಅಂದಿತು, ಇನ್ನರ್ಧ "ನಮ್ಮ ಊರಿಗೆ ಸೈನ್ಯ ಬಂದ್ರೆ ನಮ್ಮ ಗತಿ?" ಅಂತ ಬರೆಯಿತು. ಚೆನ್ನಮ್ಮನ ಧೈರ್ಯ ಎಷ್ಟು ಅಂತ ಗೊತ್ತಾದದ್ದು ಈ ಎರಡನೇ ಗುಂಪಿಗೇ.

ಚಿತ್ರಕ್ಕೂ ಅದೇ. ಕಿರೀಟ, ಮೀಸೆ, ಸಿನಿಮಾ ಸಿಂಹಾಸನ ಬೇಡ. ಇಕ್ಕೇರಿಯ ಅಘೋರೇಶ್ವರ ಗುಡಿಯ ನೆಲದ ಮೇಲೆ ಅಡ್ಡಬಿದ್ದ ಮೂವರು ಕೆಳದಿ ನಾಯಕರ ಉಬ್ಬುಚಿತ್ರ ಇದೆ, ಮೇಲೆ ಹೆಸರು ಕೆತ್ತಿದ್ದಾರೆ. ಮಕ್ಕಳನ್ನು ಅಲ್ಲಿ ಕೂರಿಸಿ ನೋಡಿ ಬರೆಯಿರಿ ಅಂದೆ. ಒಬ್ಬನ ಕೈಕಾಲಿಗೆ ಸಂಕೋಲೆ ಇರುವುದು ಅವರ ಕಣ್ಣಿಗೇ ಬಿತ್ತು. ಅವನು ಹುಚ್ಚ ಸೋಮಶೇಖರ ಅಂತ ಹಳೆಯ ಗೆಜೆಟಿಯರ್‌ನಲ್ಲಿ ಹೇಳಿದೆ. ಅರಸನಿಗೂ ಸಂಕೋಲೆ ಹಾಕುತ್ತಾರಾ ಅಂತ ಬಸ್ಸಲ್ಲಿ ವಾಪಸ್ ಬರುವವರೆಗೂ ಅದೇ ಚರ್ಚೆ.

ಈಸೂರಿನ ಪುಸ್ತಕ ಬರೆಯುವಾಗ ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದೇನೆ. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ 1942ರಲ್ಲಿ ತಾನೇ ಸ್ವತಂತ್ರ ಅಂತ ಸಾರಿಕೊಂಡಿತು, ಚಿಕ್ಕ ಹುಡುಗರನ್ನೇ ಅಮಲ್ದಾರ್, ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿತು. ಇಲ್ಲಿವರೆಗೆ ಮಕ್ಕಳಿಗೆ ಹಬ್ಬ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಆಟದ ಬಯಲಲ್ಲಿ ಕೂಗುತ್ತಾ ಓಡುತ್ತಾರೆ. ಆಮೇಲೆ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ್, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಊರವರು ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಗಲ್ಲಿನ ವಿಷಯ ಮಾತ್ರ ಬರೆದು ಮೊದಲಿನ ಎರಡು ಸಾವು ಬಿಟ್ಟುಬಿಟ್ಟರೆ ಓದೋಕೆ ಸಲೀಸು, ಆದರೆ ಅದು ಅರ್ಧ ಕಥೆ. ಎರಡನ್ನೂ ಒಂದೇ ಅಳತೆಯ ಅಕ್ಷರದಲ್ಲಿ, ಎದುರು ಬದುರು ಪುಟದಲ್ಲಿ ಹಾಕಿದೆ. ರಕ್ತದ ಚಿತ್ರ ಇಲ್ಲ. ಖಾಲಿ ಬೀದಿ, ಬಾಗಿಲು ಹಾಕಿದ ಮನೆಗಳು, ಅಷ್ಟೇ.

ಇವೆಲ್ಲಕ್ಕಿಂತ ಕಷ್ಟ ನಮ್ಮ ತಾಲ್ಲೂಕಿನ ಕಾಗೋಡು ಹಳ್ಳಿಯ ಗೇಣಿ ರೈತರ ಹೋರಾಟದ ಪುಸ್ತಕ. ಯಾಕಂದ್ರೆ ಅದು ಯಾರದ್ದೋ ರಾಜರ ಕಥೆ ಅಲ್ಲ, ನಮ್ಮ ಕ್ಲಾಸಲ್ಲೇ ಕೂತಿದೆ. ಭೂಮಾಲೀಕರ ಮೊಮ್ಮಕ್ಕಳೂ ಗೇಣಿದಾರರ ಮೊಮ್ಮಕ್ಕಳೂ ಒಂದೇ ಬೆಂಚಲ್ಲಿ ಕೂರುತ್ತಾರೆ, ಬುತ್ತಿ ಹಂಚಿಕೊಳ್ಳುತ್ತಾರೆ. 1951ರ ಆ ಸತ್ಯಾಗ್ರಹದಲ್ಲಿ ಒಂದು ದೊಡ್ಡ ತಕರಾರು ಕೊಳಗದ್ದು. ಗೇಣಿ ಭತ್ತ ಅಳೆಯೋಕೆ ಒಡೆಯರು ಇಟ್ಟುಕೊಂಡ ಕೊಳಗ ದೊಡ್ಡದು ಅಂತ ರೈತರ ದೂರು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ನಾನು ನಾಯಕರಿಂದ ಶುರು ಮಾಡದೆ ಕೊಳಗದಿಂದ ಶುರು ಮಾಡಿದೆ. ಒಬ್ಬ ಹುಡುಗ ಮನೆಯ ಅಟ್ಟದಿಂದ ಹಳೇ ಕೊಳಗ ಇಳಿಸಿಕೊಂಡು ಬಂದ. ಕಪ್ಪಗೆ ಹೊಗೆ ಹಿಡಿದಿತ್ತು, ಒಳಗೆ ಜೇಡರ ಬಲೆ. ಅದರ ಪಕ್ಕ ಇನ್ನೊಂದು ಸ್ವಲ್ಪ ದೊಡ್ಡ ಪಾತ್ರೆ ಇಟ್ಟೆವು. ಒಂದು ರಾಶಿ ಭತ್ತ. ಹತ್ತು ಅಳತೆ ಕೊಡಬೇಕು ಅಂತ ಒಪ್ಪಂದ. ಸಣ್ಣದರಲ್ಲಿ ಅಳೆದಾಗ ರೈತನ ಪಾಲಿಗೆ ಎಷ್ಟು ಉಳಿಯಿತು, ದೊಡ್ಡದರಲ್ಲಿ ಎಷ್ಟು, ಬಾಯಿ ಸವರಿ ಅಳೆದರೆ ಎಷ್ಟು, ಗೋಪುರ ಏರಿಸಿ ಅಳೆದರೆ ಎಷ್ಟು. ಒಡೆಯನ ಪಾತ್ರ ಮಾಡಿದ ಹುಡುಗಿ ಗೋಪುರ ಏರಿಸಿದ್ದೇ ಏರಿಸಿದ್ದು, ರೈತನಾದವನು "ಮೋಸ, ಮೋಸ" ಅಂತ ಅಳೋಕೇ ಬಂದ. ಗೇಣಿ ಅಂದರೆ ಏನು ಅಂತ ನಾನು ವಿವರಿಸಬೇಕಾಗಲೇ ಇಲ್ಲ.

ಬರೆದ ಪ್ರತಿಯನ್ನು ಊರಿನ ಇಬ್ಬರು ಹಿರಿಯರಿಗೆ ಓದಿ ಹೇಳಿದೆ, ಎರಡೂ ಕಡೆಯವರಿಗೆ. ಒಬ್ಬ ಅಜ್ಜ ಕೇಳಿಸಿಕೊಂಡು, "ಬರೀರಿ ಅಕ್ಕೋರೇ, ಆಗಿದ್ದು ಆಗಿದೆ. ಆದ್ರೆ ಮನೆ ಹೆಸರು ಹಾಕ್ಬೇಡಿ. ಈಗ ಅವರೂ ನಾವೂ ಒಂದೇ ಪಂಕ್ತೀಲಿ ಉಣ್ತೀವಿ" ಅಂದರು. ಇನ್ನೊಬ್ಬರು ಅಡಿಕೆ ಕತ್ತರಿಸುತ್ತಾ ಮಾತಾಡಲೇ ಇಲ್ಲ, ಹೊರಡುವಾಗ ಮಾತ್ರ ಒಂದು ಪ್ರತಿ ಕೇಳಿ ಇಸಕೊಂಡರು. ಮನೆಗಳ ಹೆಸರು ಹಾಕಲಿಲ್ಲ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಆದದ್ದನ್ನು ಕೊನೆಯ ಪುಟದಲ್ಲಿ ಹೇಳಿದ್ದೇನೆ.

ಕೈಕೆಲಸದ ಮಾತು ಸ್ವಲ್ಪ. ಮಳೆಗಾಲದಲ್ಲಿ ಪ್ರತಿ ತೆಗೆಸಬೇಡಿ. ನಮ್ಮ ಕಡೆ ಜೂನ್ ಜುಲೈನಲ್ಲಿ ಹಾಳೆ ತಣ್ಣಗೆ ಮೆತ್ತಗಾಗಿ ಝೆರಾಕ್ಸ್ ಮಷೀನಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಅಂಗಡಿಯವನು ಸಿಡುಕುತ್ತಾನೆ. ಇಂಕ್‌ಜೆಟ್ ಪ್ರಿಂಟರ್‌ನದ್ದು ಒದ್ದೆ ಬೆರಳು ತಾಗಿದರೆ ಕದಡುತ್ತೆ, ಝೆರಾಕ್ಸ್ ಪುಡಿ ಕದಡುವುದಿಲ್ಲ. ಮಾಮೂಲಿ ಸ್ಟೇಪ್ಲರ್ ಪುಸ್ತಕದ ನಡುವಿನವರೆಗೆ ಎಟುಕುವುದಿಲ್ಲ, ಪಿನ್ನಿಗೆ ತುಕ್ಕೂ ಹಿಡಿಯುತ್ತೆ. ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ಮೂರು ತೂತು ಮಾಡಿ ದಾರ ಹಾಕಿ ಹೊಲಿಯಿರಿ, ಮಕ್ಕಳೇ ಹೊಲಿಯುತ್ತಾರೆ. ಹೋದ ವರ್ಷದ ಕ್ಯಾಲೆಂಡರ್ ಹಾಳೆ ತಿರುಗಿಸಿ ಹಾಕಿದರೆ ಒಳ್ಳೆ ರಟ್ಟು. ಹೊಸ ಪುಸ್ತಕವನ್ನು ಮೊದಲು ನಾನು ಓದಿ ಹೇಳುವುದಿಲ್ಲ, ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಎಲ್ಲಿ ತಡವರಿಸುತ್ತೋ ಆ ಸಾಲು ಒಡೆಯುತ್ತೇನೆ. "ಆಳ್ವಿಕೆಯ ಅವಧಿಯಲ್ಲಿ" ಅನ್ನುವಂಥದ್ದೆಲ್ಲ ಹೀಗೆ ತಾನಾಗಿ ಉದುರಿಹೋಗುತ್ತೆ.

ಈಗ ಮಾಡುತ್ತಿರುವುದು ಮುಳುಗಡೆಯ ಪುಸ್ತಕ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಅಂದರೆ ಒಂದೇ ಒಂದು ಅಜ್ಜಿ ದೂರ, ಮುಳುಗಿದ ಊರುಗಳಿಂದ ಎದ್ದು ಬಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳು ಮನೆಮನೆಗೆ ಹೋಗಿ ನೀರಿನಡಿ ಹೋದ ಊರು, ಗದ್ದೆ, ದೇವರಬನದ ಹೆಸರು ಬರೆದು ತರುತ್ತಿದ್ದಾರೆ. ಒಂದೇ ಜಾಗಕ್ಕೆ ಎರಡು ಮನೆಯವರು ಎರಡು ಹೆಸರು ಹೇಳುತ್ತಾರೆ. ಎರಡನ್ನೂ ಬರೆದುಕೊಳ್ಳಿ ಅಂದಿದ್ದೇನೆ, ಪಕ್ಕದಲ್ಲಿ ಬಾಯಿ ಚಿತ್ರ ಹಾಕಿ. ಹಳೇ ಸರ್ವೆ ನಕ್ಷೆ ಸಿಕ್ಕರೆ ತಾಳೆ ನೋಡಬೇಕು. ಯಾರ ಹತ್ತಿರವಾದರೂ ಇದ್ದರೆ ಒಂದು ಫೋಟೊ ತೆಗೆದು ಕಳಿಸಿ.