ಕಾಫಿ ಪಾವತಿಯ ಬ್ಯಾಚ್ ಕೋಡಿಗೆ ಮಾಕ್ ಬಳಸಿ ಯೂನಿಟ್ ಟೆಸ್ಟ್ ಬರೆಯುವ ಬಗೆ

ಕೊಡಗಿನಲ್ಲಿ ರೊಬಸ್ಟಾ ಚೆರಿಯ ವ್ಯಾಪಾರ 50 ಕಿಲೋ ಚೀಲದ ಲೆಕ್ಕದಲ್ಲಿ, ಔಟ್‌ಟರ್ನ್ (ಒಂದು ಚೀಲ ಚೆರಿಯಿಂದ ಸಿಗುವ ಬೀಜದ ಕಿಲೋ ಲೆಕ್ಕ) ನೋಡಿ ನಡೆಯುತ್ತದೆ. ಹಗಲು ಬಂದ ತೂಕದ ಚೀಟಿಗಳನ್ನು ರಾತ್ರಿ ಓದಿ, ಬೆಳೆಗಾರರಿಗೆ ಸಲ್ಲಬೇಕಾದ ಹಣವನ್ನು ಲೆಕ್ಕ ಹಾಕಿ, ನೂರು ನೂರು ದಾಖಲೆಗಳ ಕಂತಿನಲ್ಲಿ (ಬ್ಯಾಚಿನಲ್ಲಿ) ಡೇಟಾಬೇಸಿಗೆ ಬರೆಯುವ ಪೈಥಾನ್ ಪ್ರೋಗ್ರಾಮೊಂದನ್ನು ನೀವು ನೋಡಿಕೊಳ್ಳುತ್ತಿದ್ದೀರಿ ಎಂದುಕೊಳ್ಳಿ. ಎರಡನೆಯ ಕಂತು ಬರೆಯುವಾಗ ಸಂಪರ್ಕ ಕಡಿದರೆ ಅದು ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಕಕ್ಕಡದ ಮಳೆಗೆ ಕರೆಂಟು ಹೋಗುವ ರಾತ್ರಿಗಾಗಿ ಕಾಯಬೇಕಾಗಿಲ್ಲ. ಆ ವೈಫಲ್ಯವನ್ನು ಮಾಕ್ ಮೂಲಕ, ಅಂದರೆ ನಿಜವಾದ ಆಬ್ಜೆಕ್ಟಿನ ಜಾಗದಲ್ಲಿ ನಿಂತು ತನಗೆ ಬಂದ ಕರೆಗಳನ್ನು ದಾಖಲಿಸಿಕೊಳ್ಳುವ ನಕಲಿ ಆಬ್ಜೆಕ್ಟಿನ ಮೂಲಕ, ಬೇಕಾದಾಗ ಉಂಟುಮಾಡಬಹುದು.

ಮೊದಲು ಓದುವ, ಲೆಕ್ಕ ಹಾಕುವ, ಬರೆಯುವ ಕೆಲಸಗಳನ್ನು ಬೇರ್ಪಡಿಸಿ, ಓದುವ ಮತ್ತು ಬರೆಯುವ ಆಬ್ಜೆಕ್ಟ್‌ಗಳನ್ನೂ ಕಂತಿನ ಗಾತ್ರವನ್ನೂ ಹೊರಗಿನಿಂದ ಕೊಡುವಂತೆ ಮಾಡಿ. ಲೆಕ್ಕದ ಭಾಗಕ್ಕೆ ಮಾಕ್ ಬೇಡ: ಔಟ್‌ಟರ್ನ್ 26, ಅದರ ಒಂದೊಂದು ಪಾಯಿಂಟಿಗೆ 200 ರೂಪಾಯಿ ಎಂದು ಕೊಟ್ಟರೆ ಚೀಲಕ್ಕೆ 5,200 ಬರಬೇಕು, ಅಷ್ಟೇ.

ಬರೆಯುವ ಆಬ್ಜೆಕ್ಟಿಗೆ ಯೂನಿಟ್‌ಟೆಸ್ಟ್ ಮಾಕ್ ಲೈಬ್ರರಿಯ ಕ್ರಿಯೇಟ್ ಆಟೋಸ್ಪೆಕ್ (create_autospec) ಬಳಸುವುದು ಒಳ್ಳೆಯದು; ಅದು ನಿಜವಾದ ಕ್ಲಾಸಿನಲ್ಲಿರುವ ಮೆಥಡ್‌ಗಳನ್ನು ಮಾತ್ರ ಒಪ್ಪುವ ಮಾಕ್ ಮಾಡಿಕೊಡುತ್ತದೆ. ಬರಿಯ ಮಾಕ್ ನೀವು ಕರೆದ ಯಾವ ಮೆಥಡ್ ಹೆಸರನ್ನೂ ಒಪ್ಪಿಕೊಳ್ಳುವುದರಿಂದ, ನಿಜವಾದ ಕ್ಲಾಸಿನಲ್ಲಿ ಆ ಹೆಸರು ಬದಲಾಗಿದ್ದರೂ ಟೆಸ್ಟ್ ಪಾಸಾಗುತ್ತಲೇ ಇರುತ್ತದೆ.

ನೂರರ ಬದಲು ಕಂತಿನ ಗಾತ್ರವನ್ನು ಮೂರಕ್ಕೆ ಇಳಿಸಿ ಏಳು ಚೀಟಿ ಕೊಟ್ಟರೆ, ಬರೆಯುವ ಮೆಥಡ್ ಮೂರು, ಮೂರು, ಒಂದು ದಾಖಲೆಗಳೊಂದಿಗೆ ಮೂರು ಸಲ ಕರೆಯಲ್ಪಡಬೇಕು. ಆರು ಚೀಟಿ ಕೊಟ್ಟಾಗ ಎರಡೇ ಕರೆ ಇರಬೇಕು, ಕೊನೆಯಲ್ಲಿ ಖಾಲಿ ಕಂತು ಹೋಗಬಾರದು. ಒಂದೂ ಚೀಟಿ ಇಲ್ಲದಿದ್ದರೆ ಕರೆಯೇ ಇರಬಾರದು. ಬ್ಯಾಚ್ ಕೋಡಿನ ತಪ್ಪುಗಳು ಹೆಚ್ಚಾಗಿ ಈ ಅಂಚುಗಳಲ್ಲೇ ಅಡಗಿರುತ್ತವೆ.

ಇಲ್ಲಿ ಬಹಳ ಜನರನ್ನು ಎಡವಿಸುವ ಒಂದು ಸಂಗತಿಯಿದೆ. ಮಾಕ್ ತನಗೆ ಬಂದ ಲಿಸ್ಟನ್ನು ನಕಲು ಮಾಡಿಟ್ಟುಕೊಳ್ಳುವುದಿಲ್ಲ, ಅದರ ರೆಫರೆನ್ಸ್, ಅಂದರೆ ಅದೇ ಲಿಸ್ಟಿನತ್ತ ಬೊಟ್ಟು ಮಾಡುವ ಗುರುತು, ಮಾತ್ರ ಇಟ್ಟುಕೊಳ್ಳುತ್ತದೆ. ನಿಮ್ಮ ಕೋಡು ಪ್ರತಿ ಕಂತಿನ ನಂತರ ಅದೇ ಲಿಸ್ಟನ್ನು ಕ್ಲಿಯರ್ ಮಾಡಿ ಮತ್ತೆ ತುಂಬಿಸುತ್ತಿದ್ದರೆ, ಟೆಸ್ಟಿನ ಕೊನೆಯಲ್ಲಿ ಕರೆಗಳ ಎಣಿಕೆ ಸರಿಯಾಗಿಯೇ ಇದ್ದು, ಮೂರೂ ಕರೆಗಳಲ್ಲಿ ಖಾಲಿ ಲಿಸ್ಟ್ ಕಾಣುತ್ತದೆ. ಎಣಿಕೆಯನ್ನಷ್ಟೇ ಪರೀಕ್ಷಿಸುವವರಿಗೆ ಇದು ತಿಳಿಯುವುದೇ ಇಲ್ಲ. ಮಾಕಿನ ಸೈಡ್ ಎಫೆಕ್ಟಿಗೆ (ಮಾಕನ್ನು ಕರೆದಾಗ ಏನಾಗಬೇಕೆಂದು ಹೇಳುವ side_effect ಎಂಬ ಸೆಟ್ಟಿಂಗಿಗೆ) ಒಂದು ಫಂಕ್ಷನ್ ಕೊಟ್ಟು ಅಲ್ಲಿಯೇ ನಕಲು ತೆಗೆದಿಡಬಹುದು. ಆದರೆ ಪ್ರತಿ ಕಂತಿಗೂ ಹೊಸ ಲಿಸ್ಟ್ ಮಾಡುವಂತೆ ಕೋಡನ್ನೇ ತಿದ್ದುವುದು ನನ್ನ ಮಟ್ಟಿಗೆ ಉತ್ತಮ, ಏಕೆಂದರೆ ಮುಂದೊಂದು ದಿನ ಬರೆಯುವ ಕೆಲಸವನ್ನು ಜೊತೆಜೊತೆಗೇ ಓಡುವ ಬೇರೆ ಥ್ರೆಡ್ಡಿಗೆ ವಹಿಸಿದಾಗ ಇದೇ ಹಂಚಿಕೆಯ ಲಿಸ್ಟ್ ಬೆಳೆಗಾರರ ಹಣವನ್ನು ನಿಜವಾಗಿಯೂ ಕಳೆದುಬಿಡಬಲ್ಲದು.

ಸಂಪರ್ಕ ಕಡಿಯುವ ಸಂದರ್ಭಕ್ಕೆ ಸೈಡ್ ಎಫೆಕ್ಟನ್ನು ಪಟ್ಟಿಯಾಗಿ ಕೊಡಿ: ಮೊದಲ ಕರೆಗೆ ನನ್ (None, ಅಂದರೆ ತಪ್ಪಿಲ್ಲದೆ ಮುಗಿಯಿತು), ಎರಡನೆಯದಕ್ಕೆ ಕನೆಕ್ಷನ್ ಎರರ್, ಮುಂದಿನ ಎರಡಕ್ಕೆ ಮತ್ತೆ ನನ್. ಒಮ್ಮೆ ಮರುಪ್ರಯತ್ನಿಸುವ ಕೋಡಾದರೆ ಏಳು ಚೀಟಿಗೆ ನಾಲ್ಕು ಕರೆಗಳಿರಬೇಕು, ಎರಡನೆಯ ಮತ್ತು ಮೂರನೆಯ ಕರೆಗಳಲ್ಲಿ ಒಂದೇ ದಾಖಲೆಗಳಿರಬೇಕು, ಮೊದಲ ಕಂತು ಮತ್ತೆ ಹೋಗಿರಬಾರದು.

ಅರ್ಧ ಬರೆದ ಕಂತನ್ನು ಡೇಟಾಬೇಸ್ ನಿಜಕ್ಕೂ ರೋಲ್‌ಬ್ಯಾಕ್ ಮಾಡುತ್ತದೆಯೇ, ಅಂದರೆ ಪೂರ್ತಿ ಅಳಿಸಿ ಹಿಂದಿನ ಸ್ಥಿತಿಗೆ ತರುತ್ತದೆಯೇ, ಎಂಬುದನ್ನು ಮಾಕ್ ಹೇಳಲಾರದು. ಅದಕ್ಕೆ ನಿಜವಾದ ಡೇಟಾಬೇಸಿನ ಮೇಲೆ ಪ್ರತ್ಯೇಕ ಇಂಟಿಗ್ರೇಷನ್ ಟೆಸ್ಟ್ ಬರೆದು, ಕಂತಿನ ನಡುವಿನ ಒಂದು ದಾಖಲೆಯನ್ನು ಬೇಕೆಂದೇ ಕೆಡಿಸಿ, ಆ ಕಂತಿನ ಯಾವ ಸಾಲೂ ಟೇಬಲ್ಲಿನಲ್ಲಿ ಉಳಿದಿಲ್ಲವೆಂದು ನೋಡಿಕೊಳ್ಳಿ.