ಕೋಟೆಯನ್ನು ಮೇಲಿಂದ ಕೆಳಕ್ಕೆ ತೋರಿಸಿದೆ, ಪ್ಯಾಕೇಜ್ ಲಾಭಕ್ಕೆ ಬಂತು

ದಾವಣಗೆರೆ–ಚಿತ್ರದುರ್ಗ ಎರಡು ದಿನದ ಪ್ಯಾಕೇಜ್ ಓಡಲ್ಲ ಅಂತ ನಮ್ಮ ಟಿಟಿ (ಟೆಂಪೋ ಟ್ರಾವೆಲರ್) ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದರು. "ಬೆಂಗಳೂರವರಿಗೆ ದುರ್ಗ ಅಂದ್ರೆ ಹಂಪಿ ದಾರೀಲಿ ಸಿಗೋ ಊರು. ಮೂರು ಗಂಟೆ ಕೋಟೆ, ಒಂದು ಊಟ, ಮುಂದಕ್ಕೆ. ರಾತ್ರಿ ಉಳ್ಕೊಳ್ಳೋಕೆ ಅಲ್ಲೇನಿದೆ ಅಣ್ಣ?" ಈಗ ಹಾಗೆ ಹೇಳಿದವರೇ ಬಂದು ರೂಟ್ ಕೇಳುತ್ತಿದ್ದಾರೆ. ಹೇಳುತ್ತೇನೆ. ಪೂರ್ತಿ ಹೇಳಲ್ಲ, ಅಷ್ಟು ದಡ್ಡನೂ ಅಲ್ಲ.

ಮೊದಲು ದುಡ್ಡಿನ ವಿಷಯ. ಶುರುವಿನಲ್ಲಿ ಗಾಡಿಯನ್ನು ಬೆಂಗಳೂರಿಗೇ ಕಳಿಸುತ್ತಿದ್ದೆ. 260 ಕಿಲೋಮೀಟರ್ ಖಾಲಿ ಹೋಗಬೇಕು, ಬಿಟ್ಟು ಬರುವಾಗ ಮತ್ತೆ ಖಾಲಿ. ತಲೆಗೆ 3,800ರಂತೆ ಹತ್ತು ಜನ ಅಂದರೆ 38,000. ಕೇಳೋಕೆ ಚೆನ್ನಾಗಿದೆ. ಡೀಸೆಲ್ಲೇ ಹತ್ತು ಸಾವಿರದ ಹತ್ತಿರ, ಟೋಲ್ ಎರಡೂವರೆ, ರೂಮು ಎಂಟು, ಊಟ ತಿಂಡಿ ಎಂಟು, ಸೀಟು ತುಂಬಿಸಿಕೊಟ್ಟವರ ಕಮಿಷನ್ ಐದು, ಡ್ರೈವರ್ ಬಾಟಾ, ಗೈಡು, ಟಿಕೆಟ್ಟು. ಕೊನೆಗೆ ಕೈಯಲ್ಲಿ ಸಾವಿರವೋ ಒಂದೂವರೆಯೋ. ಒಂದು ಟೈರು ಹೋದರೆ ಆ ತಿಂಗಳು ಮುಗಿದ ಹಾಗೆ.

ಈಗ ಗಾಡಿ ಬೆಂಗಳೂರಿನ ಮುಖ ನೋಡಲ್ಲ. ಜನ ಬೆಳಗಿನ ರೈಲಿಗೆ ಅವರ ಟಿಕೆಟ್ಟಿನಲ್ಲೇ ದಾವಣಗೆರೆಗೆ ಬರುತ್ತಾರೆ. ದಾವಣಗೆರೆ ಮೇನ್ ಲೈನಿನಲ್ಲಿದೆ, ವಂದೇ ಭಾರತೂ ನಿಲ್ಲುತ್ತದೆ. ದುರ್ಗ ಇರೋದು ಚಿಕ್ಕಜಾಜೂರಿನಿಂದ ಒಡೆದು ಹೋಗುವ ಲೈನಿನಲ್ಲಿ, ಅದನ್ನು ನಂಬಿ ಪ್ಯಾಕೇಜ್ ಮಾಡಬೇಡಿ. ನನ್ನ ಗಾಡಿ ಎರಡು ದಿನಕ್ಕೆ ಹೆಚ್ಚೂಕಮ್ಮಿ 200 ಕಿಲೋಮೀಟರ್ ಓಡುತ್ತದೆ, ಅಷ್ಟೇ. ತಲೆಗೆ 3,200 ಇಟ್ಟೆ. ಖರ್ಚು 22,000 ಮೀರಲ್ಲ. ಹತ್ತು ಸೀಟು ತುಂಬಿದರೆ ಹತ್ತು ಸಾವಿರದ ಹತ್ತಿರ ಉಳಿಯುತ್ತದೆ, ಏಳು ಸೀಟಿಗೂ ಕೈ ಸುಡಲ್ಲ.

ಇಷ್ಟು ಲೆಕ್ಕ ಯಾರಾದರೂ ಮಾಡುತ್ತಾರೆ. ತೊಂದರೆ ಇದ್ದದ್ದು ಕೋಟೆಯಲ್ಲಿ.

ಎಲ್ಲರ ಹಾಗೆ ನಾನೂ ಹನ್ನೊಂದಕ್ಕೆ ಕೋಟೆಗೆ ಬಿಡುತ್ತಿದ್ದೆ. ಆ ಹೊತ್ತಿಗೆ ಬಂಡೆ ಕಾದ ಹೆಂಚು. ಮೊದಲ ಬಾಗಿಲಿನ ಏಳು ಹೆಡೆ ನಾಗ, ಎಣ್ಣೆ ಕೊಳ, ಮದ್ದು ಬೀಸುವ ಕಲ್ಲು ನೋಡುವಷ್ಟರಲ್ಲಿ ಜನರಿಗೆ ಸುಸ್ತು. ಗೈಡು 19 ಬಾಗಿಲು, 38 ದಿಡ್ಡಿ, 35 ಕಳ್ಳಗಂಡಿ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಯಾರಿಗೂ ಸಂಜೆಗೆ ಒಂದೂ ನೆನಪಿರಲ್ಲ. ಓಬವ್ವನ ಕಿಂಡಿ ಹತ್ತಿರ ಒಂದು ಫೋಟೋ, ಆಮೇಲೆ "ಎಸಿ ಹಾಕ್ತೀರಾ?" ಗೋಪಾಲಸ್ವಾಮಿ ದೇವಸ್ಥಾನದವರೆಗೆ ಹತ್ತಿದವರು ಹತ್ತರಲ್ಲಿ ಇಬ್ಬರು. ಹೀಗೆ ಅರ್ಧ ಕೋಟೆ ನೋಡಿ ಹೋದವರು ಊರಲ್ಲಿ "ದುರ್ಗ ಪರವಾಗಿಲ್ಲ" ಅನ್ನುತ್ತಾರೆ. ಪರವಾಗಿಲ್ಲ ಅನ್ನೋ ಮಾತಿನಿಂದ ಮುಂದಿನ ಸೀಟು ತುಂಬಲ್ಲ.

ಹಂಪಿ ಸೇರಿಸಿ ಮೂರು ದಿನ ಮಾಡಿ ನೋಡಿದೆ. ಹಂಪಿಯೇ ಎಲ್ಲ ನುಂಗಿತು. ಮೊಳಕಾಲ್ಮೂರು ಕಡೆ ತಿರುಗಿಸಿದೆ. ಬ್ರಹ್ಮಗಿರಿಯ ಅಶೋಕನ ಶಾಸನ, ಊರಲ್ಲಿ ರೇಷ್ಮೆ ಸೀರೆ ಮಗ್ಗ. ಹೆಂಗಸರು ಮಗ್ಗದ ಮುಂದಿಂದ ಏಳಲೇ ಇಲ್ಲ, ರೈಲು ತಪ್ಪಿತು, ಬಸ್ಸಿನ ದುಡ್ಡು ನನ್ನ ತಲೆಗೆ. ಒಳ್ಳೆ ರೂಟೇ ಅದು, ಅಶೋಕನ ಶಾಸನ ಮೊಳಕಾಲ್ಮೂರು ಸೀಮೆಯಲ್ಲಿ ಇನ್ನೆರಡು ಕಡೆ ಇವೆ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. ಆದರೆ ಅದಕ್ಕೆ ಬೇರೆಯೇ ದಿನ ಬೇಕು. ಇನ್ನೊಂದು ಸಲ ಮದುವೆ ಸೀಸನ್ನಿನಲ್ಲಿ ಬುಕ್ ಮಾಡಿದ್ದ ರೂಮುಗಳನ್ನು ಲಾಡ್ಜಿನವರು ಬೀಗರಿಗೆ ಕೊಟ್ಟುಬಿಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ದುಪ್ಪಟ್ಟು ದುಡ್ಡಿಗೆ ಬೇರೆ ರೂಮು ಹುಡುಕಿದೆ. ಆವತ್ತಿನಿಂದ ಮುಹೂರ್ತ ನೋಡದೆ ತಾರೀಖು ಹಾಕಲ್ಲ.

ಕೆಲಸ ಮಾಡಿದ್ದು ನೀರು. ಬಯಲುಸೀಮೆ ಊರು, ಮಳೆ ಕಮ್ಮಿ. ಬಂಡೆ ಮೇಲೆ ಅಷ್ಟು ಸೈನ್ಯ, ಕುದುರೆ, ಸಂಸಾರ ಬದುಕಿದ್ದು ಹೇಗೆ? ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ತಿಮ್ಮಣ್ಣ ನಾಯಕನಿಂದ ಕೊನೆಯ ಮದಕರಿ ನಾಯಕನವರೆಗೆ ಇನ್ನೂರು ವರ್ಷಕ್ಕೂ ಮೇಲೆ ಪಾಳೆಯಗಾರರು ಇಲ್ಲಿ ಗಟ್ಟಿಯಾಗಿ ಕೂತಿದ್ದಕ್ಕೆ ಗೋಡೆಯಷ್ಟೇ ಈ ಹೊಂಡಗಳೂ ಕಾರಣ ಅಂತ ನನ್ನ ಲೆಕ್ಕ. 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಯಿತು, ಅದಕ್ಕೆ ಮುಂಚೆ ಅವನಿಗೂ ಸುಲಭಕ್ಕೆ ಸಿಕ್ಕಿರಲಿಲ್ಲ.

ಹಾಗಾಗಿ ಈಗ ಕೋಟೆ ಎರಡನೇ ದಿನ. ಬೆಳಿಗ್ಗೆ ಗೇಟು ತೆರೆದ ಕೂಡಲೇ ಟಿಕೆಟ್ ತಗೊಂಡು ಒಳಗೆ. 25 ರೂಪಾಯಿ, ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ಎಲ್ಲೂ ನಿಲ್ಲದೆ, ಏನೂ ವಿವರಿಸದೆ ಸೀದಾ ಮೇಲಕ್ಕೆ. ನಮ್ಮ ಗೈಡು ಜಗಳಕ್ಕೇ ಬಂದ. "ಸಾರ್, ಬಾಯಿ ಮುಚ್ಕೊಂಡು ಹತ್ತಿಸೋಕೆ ನಾನ್ಯಾಕೆ? ಹೊಂಡ ನೋಡೋಕೆ ಯಾರು ದುಡ್ಡು ಕೊಡ್ತಾರೆ?" ಇಳಿಯುವಾಗ ಎಷ್ಟು ಬೇಕಾದರೂ ಮಾತಾಡು ಮಾರಾಯ ಅಂದೆ. ತಂಪು ಹೊತ್ತಿನಲ್ಲಿ ಅರವತ್ತೈದರ ಅಜ್ಜಿಯೂ ಹತ್ತಿದರು. ಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂರಿಸಿ ತಿಂಡಿ. ಕೋತಿ ಬರದ ಒಂದು ಜಾಗ ಇದೆ. ಅದು ಎಲ್ಲಿ ಅಂತ ಮಾತ್ರ ಕೇಳಬೇಡಿ, ಅಲ್ಲಿ ನಾಲ್ಕು ಗುಂಪು ಕೂತರೆ ಮಾರನೇ ದಿನ ಕೋತಿಯೂ ಬರುತ್ತದೆ.

ಆಮೇಲೆ ನೀರು ಇಳಿದ ಹಾಗೆ ನಾವೂ ಇಳಿಯುವುದು. ಅಕ್ಕ ತಂಗಿ ಹೊಂಡದ ಹತ್ತಿರ ರಾಣಿಯರು ಹಾರಿಕೊಂಡ ಕಥೆ. ಮುರುಘಾ ಮಠ, ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ, ಉಯ್ಯಾಲೆ ಕಂಬ ದಾರಿಯಲ್ಲೇ ಸಿಗುತ್ತವೆ. ತಣ್ಣೀರು ದೋಣಿ ಅನ್ನೋ ಸಣ್ಣ ನೀರಿನ ತಾಣ ಮತ್ತು ಓಬವ್ವನ ಕಿಂಡಿ ಕೊನೆಗೆ. ಗಂಡ ಊಟಕ್ಕೆ ಕೂತಿದ್ದಾಗ ಓಬವ್ವ ನೀರು ತರೋಕೆ ಬಂದವಳು, ಕಿಂಡಿಯಲ್ಲಿ ತಲೆ ಹಾಕಿದ ಹೈದರನ ಸೈನಿಕರನ್ನು ಕಂಡಿದ್ದು ಆಗಲೇ. ಬೆಳಿಗ್ಗೆಯಿಂದ ನೀರಿನ ಮಾತೇ ಕೇಳಿಕೊಂಡು ಬಂದವರಿಗೆ ಆ ಕಥೆ ಬೇರೆ ಥರ ತಾಗುತ್ತದೆ. ಮೊದಲ ಸಲ ಜನ ಫೋಟೋ ತೆಗೆಯದೆ ಸುಮ್ನೆ ನಿಂತಿದ್ದು ನೋಡಿದೆ. ಗೈಡು ಈಗ ಬೇರೆ ಗುಂಪುಗಳಿಗೂ ಹೀಗೇ ತೋರಿಸುತ್ತಾನೆ. ನನಗೇನೂ ಕೊಡಲ್ಲ.

ಅಲ್ಲಿಂದ ಚಂದ್ರವಳ್ಳಿ. ಸಾತವಾಹನರ ನಾಣ್ಯ, ರೋಮನ್ ನಾಣ್ಯ ಸಿಕ್ಕ ಜಾಗ, 1947ರಲ್ಲಿ ಪುರಾತತ್ವ ಇಲಾಖೆಯ ಮಾರ್ಟಿಮರ್ ವೀಲರ್ ಅಗೆಸಿದ್ದ. ನಾನು ಅದನ್ನು ಎರಡು ಮಾತಿನಲ್ಲಿ ಮುಗಿಸಿ ಮಯೂರಶರ್ಮನ ಶಾಸನದ ಮುಂದೆ ನಿಲ್ಲಿಸುತ್ತೇನೆ. ಅವನು ಅಲ್ಲಿ ಬರೆಸಿರೋದೂ ಕೆರೆ ಕಟ್ಟಿಸಿದ ವಿಷಯವನ್ನೇ. ಅಂಕಲಿ ಮಠದ ಗುಹೆಗೆ ಟಾರ್ಚ್ ಬೇಕು. ಮೊಬೈಲ್ ಬೆಳಕು ಸಾಲಲ್ಲ. ಉಸಿರು ಕಟ್ಟುತ್ತೆ ಅನ್ನುವವರನ್ನು ಒತ್ತಾಯ ಮಾಡಬೇಡಿ, ಕೆರೆ ದಂಡೆ ಮೇಲೆ ಕೂರಿಸಿ.

ಮೊದಲ ದಿನವೂ ಇದೇ ಎಳೆ. ಸ್ಟೇಷನ್ನಿನಿಂದ ಬೆಣ್ಣೆ ದೋಸೆ, ಯಾವ ಹೋಟೆಲ್ ಅನ್ನುವ ಜಗಳಕ್ಕೆ ನಾನು ಬರಲ್ಲ. ಆಮೇಲೆ ಸಂತೇಬೆನ್ನೂರು ಪುಷ್ಕರಣಿ, ಹನುಮಪ್ಪ ನಾಯಕ ಕಟ್ಟಿಸಿದ್ದು, ನೀರಿನ ನಡುವೆ ಮಂಟಪ. ಅಲ್ಲಿಂದ ಸೂಳೆಕೆರೆ. ಎರಡು ಗುಡ್ಡದ ಮಧ್ಯೆ ಏರಿ ಹಾಕಿ ಇಷ್ಟು ದೊಡ್ಡ ಕೆರೆ ಮಾಡಿದ್ದಾರೆ ಅಂದರೆ ಇಂಜಿನಿಯರುಗಳೇ ಏರಿ ಮೇಲೆ ಹಿಂದೆ ಮುಂದೆ ಓಡಾಡಿ ನೋಡುತ್ತಾರೆ. ರಾತ್ರಿ ದುರ್ಗದ ಲಾಡ್ಜಿನಲ್ಲಿ ನಲ್ಲಿ ತಿರುಗಿಸಿದಾಗ ಹೇಳುತ್ತೇನೆ, ಮಧ್ಯಾಹ್ನ ನೋಡಿದ ಕೆರೆಯಿಂದಲೇ ಈ ಊರಿಗೆ ನೀರು ಬರೋದು ಅಂತ. ಹರಿಹರೇಶ್ವರ ದೇವಸ್ಥಾನವನ್ನು ಬಿಟ್ಟಿದ್ದೇನೆ. 1224ರ ಹೊಯ್ಸಳರ ಗುಡಿ, ಚೆಂದವೇ. ಆದರೆ ದಾರಿ ಉಲ್ಟಾ ಆಗುತ್ತದೆ. ರೈಲು ತಡವಾಗಿ ಸೂಳೆಕೆರೆಗೆ ಹೊತ್ತು ಸಾಲದಿದ್ದರೆ ಮಾತ್ರ ಅದು.

ಮಾರಾಟಕ್ಕೆ ಒಳ್ಳೆ ತಿಂಗಳು ಆಗಸ್ಟ್ ಕೊನೆಯಿಂದ ಜನವರಿ. ಮಳೆ ಜೋರಾದ ದಿನ ಬಂಡೆ ಜಾರುತ್ತದೆ, ಆ ದಿನ ಕೋಟೆಗೆ ಹತ್ತಿಸಲ್ಲ, ಮಳೆ ನಿಂತ ಮಾರನೇ ದಿನ ಹತ್ತಿಸದೆ ಬಿಡಲ್ಲ. ಕೋಡಿ ಹರಿಯುವುದು ಕಂಡರೆ ಜನ ಮುಂದಿನ ಸೀಟು ತಾವೇ ತುಂಬಿಸಿಕೊಡುತ್ತಾರೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಹಿರಿಯೂರಿಗೆ ಜನ ಹೇಗೆ ಮುಗಿಬಿದ್ದರು ಅಂತ ನೀವೂ ನೋಡಿದ್ದೀರಿ.

ಕೊನೆಯ ಮಧ್ಯಾಹ್ನ ದಾವಣಗೆರೆಗೆ ವಾಪಸ್, ರೈಲು ಹತ್ತಿಸುವ ಮುಂಚೆ ತಲೆಗೊಂದು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಪೊಟ್ಟಣ. ಒಟ್ಟು ಐನೂರು ರೂಪಾಯಿ ಖರ್ಚು. ಏಪ್ರಿಲ್, ಮೇನಲ್ಲಿ ನಾನು ಈ ಟ್ರಿಪ್ಪೇ ಹಾಕಲ್ಲ. ಹೊಂಡ ಖಾಲಿ, ಬಿಸಿಲು ಬೇರೆ. ಗಾಡಿಯನ್ನು ಮದುವೆಗೆ ಬಿಡುತ್ತೇನೆ.